ಬಾಣಂತಿಯ ಉಸಿರನ್ನು ಯಾರು ಎಣಿಸುತ್ತಾರೆ?

(ಬೆಂಗಳೂರಿನ ಜಯನಗರದಲ್ಲಿ ಗರ್ಭಿಣಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಅನಸ್ತೇಸಿಯಾ ಡಾಕ್ಟರ್. ಸಿಸೇರಿಯನ್ ಹೊತ್ತಿನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಡುವವಳು, ಆಮೇಲೆ ಏನಾದರೂ ಏರುಪೇರಾದರೆ ಐಸಿಯುನಲ್ಲಿ ವೆಂಟಿಲೇಟರ್ ಪಕ್ಕ ನಿಲ್ಲುವವಳು. ಹೆರಿಗೆ ಅಂದಾಗ ಜನ ಹೆರಿಗೆ ಡಾಕ್ಟರ ಮಾತು ಕೇಳುತ್ತಾರೆ, ಮಕ್ಕಳ ಡಾಕ್ಟರ ಮಾತು ಕೇಳುತ್ತಾರೆ. ನಮ್ಮ ಮುಖ ಮಾಸ್ಕಿನ ಹಿಂದೆಯೇ ಇರುತ್ತದೆ. ಇವತ್ತು ಕರೆದಿದ್ದೀರಿ, ಅದಕ್ಕೆ ಸಿಕ್ಕಿದ ಹೊತ್ತನ್ನೆಲ್ಲಾ ಒಂದೇ ವಿಷಯಕ್ಕೆ ಬಳಸುತ್ತೇನೆ. ಹೆರಿಗೆಯ ದೊಡ್ಡ ಆಪರೇಷನ್ ಆದಮೇಲೆ ತಾಯಿಯ ಉಸಿರಾಟದ ಕಡೆ ನಾವು ಸಾಕಷ್ಟು ನೋಡುತ್ತಿಲ್ಲ. ಆಸ್ಪತ್ರೆಯವರೂ ನೋಡಬೇಕು, ಮನೆಯವರೂ ನೋಡಬೇಕು.

ವಾರ್ಡಿನಲ್ಲಿ ಹೇಗಿರುತ್ತದೆ ನೆನಪಿಸಿಕೊಳ್ಳಿ. ಮಗುವಿನ ತೊಟ್ಟಿಲ ಸುತ್ತ ಆರು ಜನ. ತೂಕ ಎಷ್ಟು, ಯಾರ ಹಾಗಿದೆ, ಅತ್ತಿತಾ, ಹಾಲು ಕುಡಿಯಿತಾ. ಸಿಸ್ಟರ್ ಬಂದು ತಾಯಿಯ ಬಿಪಿ ನೋಡುತ್ತಾರೆ, ಪ್ಯಾಡ್ ನೋಡುತ್ತಾರೆ, ಯೂರಿನ್ ಬ್ಯಾಗ್ ನೋಡುತ್ತಾರೆ. ಎಲ್ಲವೂ ಬೇಕಾದದ್ದೇ. ಆದರೆ ತಾಯಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದಾಳೆ ಎಂದು ಪೂರ್ತಿ ಒಂದು ನಿಮಿಷ ನಿಂತು ಎಣಿಸುವವರು ಅಪರೂಪ. ಚಾರ್ಟಿನಲ್ಲಿ ಸಾಲಾಗಿ 18, 20, 18, 20 ಎಂದು ಬರೆದಿರುತ್ತದೆ. ಇದನ್ನು ಸಿಸ್ಟರ್‌ಗಳ ಮೇಲೆ ದೂರಾಗಿ ಹೇಳುತ್ತಿಲ್ಲ, ರಾತ್ರಿ ಪಾಳಿಯಲ್ಲಿ ಒಬ್ಬರೇ ಎಷ್ಟು ಹಾಸಿಗೆ ನೋಡುತ್ತಾರೆ ಅಂತ ನನಗೆ ಗೊತ್ತು. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ಮಗುವಿಗೆ ಅಪ್ಗಾರ್ ಸ್ಕೋರ್ ಕೊಡುತ್ತಾರೆ, ನೀವೆಲ್ಲ ಡಿಸ್ಚಾರ್ಜ್ ಕಾಗದದಲ್ಲಿ ನೋಡಿರುತ್ತೀರಿ. ಹುಟ್ಟಿದ ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ ಮಗುವಿನ ಉಸಿರು, ಬಣ್ಣ, ಎದೆಬಡಿತ ನೋಡಿ ಅಂಕ ಹಾಕುವ ಪದ್ಧತಿ. 1953ರಲ್ಲಿ ಅದನ್ನು ಪ್ರಕಟಿಸಿದ ವರ್ಜೀನಿಯಾ ಅಪ್ಗಾರ್ ಕೂಡ ಅನಸ್ತೇಸಿಯಾ ಡಾಕ್ಟರೇ. ತಾಯಿಗೂ ಅಂಥದ್ದೊಂದು ಚಾರ್ಟ್ ಬೇಕು ಎಂದು ಬ್ರಿಟನ್ನಿನಲ್ಲಿ ತಾಯಂದಿರ ಸಾವಿನ ಬಗ್ಗೆ 2007ರಲ್ಲಿ ಬಂದ ವರದಿ ಹೇಳಿತು. ನಡುವೆ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಆ ಚಾರ್ಟಿನಲ್ಲಿ ಉಸಿರಾಟ 30 ದಾಟಿದರೆ ಅಥವಾ 10ಕ್ಕಿಂತ ಕೆಳಗಿಳಿದರೆ ಕೆಂಪು, ಅಂದರೆ ಡಾಕ್ಟರ್ ಕೂಡಲೇ ಬರಬೇಕು. 21ರಿಂದ 30ರ ನಡುವೆ ಹಳದಿ. ಆಕ್ಸಿಜನ್ 95ಕ್ಕಿಂತ ಕಡಿಮೆಯಾದರೂ ಕೆಂಪೇ.

ಈಗ ಉಸಿರಾಟಕ್ಕೂ ಬಸಿರಿಗೂ ಏನು ಸಂಬಂಧ ಅಂತ ನೋಡೋಣ. ತುಂಬು ಗರ್ಭಿಣಿಯ ಗರ್ಭಕೋಶ ಹೊಟ್ಟೆಯೊಳಗಿನದನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಸುಮಾರು 4 ಸೆಂಟಿಮೀಟರ್ ಮೇಲೇರುತ್ತದೆ. ಉಸಿರು ಬಿಟ್ಟಮೇಲೂ ನಮ್ಮ ಶ್ವಾಸಕೋಶದಲ್ಲಿ ಒಂದಷ್ಟು ಗಾಳಿ ಉಳಿದಿರುತ್ತದೆ ಅಲ್ವಾ, ಆ ದಾಸ್ತಾನು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಅವಳ ಮೈಗೆ ಬೇಕಾದ ಆಕ್ಸಿಜನ್ ಸುಮಾರು ಐದನೇ ಒಂದು ಪಾಲು ಜಾಸ್ತಿಯಾಗುತ್ತದೆ. ದಾಸ್ತಾನು ಕಡಿಮೆ, ಖರ್ಚು ಜಾಸ್ತಿ. ಹಾಗಾಗಿ ಉಸಿರು ನಿಂತರೆ ಬೇರೆಯವರಿಗಿಂತ ಬೇಗ ಇವಳ ಆಕ್ಸಿಜನ್ ಕುಸಿಯುತ್ತದೆ. ಗಂಟಲಿನ ಒಳಗೂ ಊತ ಇರುತ್ತದೆ, ಬಿಪಿ ಜಾಸ್ತಿ ಇರುವವರಲ್ಲಿ ಇನ್ನೂ ಹೆಚ್ಚು. ಟ್ಯೂಬ್ ಹಾಕುವ ನಮಗೆ ಅದೊಂದು ದೊಡ್ಡ ತಲೆನೋವು.

ಮಗು ಹೊರಗೆ ಬಂದ ತಕ್ಷಣ ಇದೆಲ್ಲ ಸರಿಹೋಗುತ್ತದೆ ಅಂದುಕೊಂಡರೆ ತಪ್ಪು. ಗರ್ಭಕೋಶ ಮುದುಡಿಕೊಳ್ಳುವಾಗ ಅದರಲ್ಲಿದ್ದ ರಕ್ತ ತಾಯಿಯ ಮೈಗೆ ವಾಪಸ್ ಬರುತ್ತದೆ, ಹೃದಯಕ್ಕೆ ಬಸಿರಿನ ಇಡೀ ಒಂಬತ್ತು ತಿಂಗಳಲ್ಲಿ ಅತಿ ಹೆಚ್ಚು ಕೆಲಸ ಬೀಳುವ ಹೊತ್ತು ಹೆರಿಗೆಯಾದ ಮೊದಲ ನಿಮಿಷಗಳೇ. ಆಮೇಲಿನ ಎರಡು ಮೂರು ದಿನ ಕಾಲಿನಲ್ಲಿ, ಮೈಯಲ್ಲಿ ತುಂಬಿದ್ದ ನೀರು ಮೆಲ್ಲಗೆ ರಕ್ತಕ್ಕೆ ಇಳಿಯುತ್ತದೆ. ಗಟ್ಟಿ ಹೃದಯ, ಗಟ್ಟಿ ಕಿಡ್ನಿ ಇದ್ದವಳು ಅದನ್ನು ಮೂತ್ರದಲ್ಲಿ ಹೊರಹಾಕುತ್ತಾಳೆ. ಬಿಪಿ ಏರಿದ್ದವಳಿಗೆ, ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕಿರಿದಾದವಳಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕವಾಟದ ತೊಂದರೆ ಇದೆ ಅನ್ನುವುದೇ ಎಷ್ಟೋ ಹೆಣ್ಣುಮಕ್ಕಳಿಗೆ ಬಸಿರಿನಲ್ಲೇ ಮೊದಲ ಸಲ ಗೊತ್ತಾಗುತ್ತದೆ.

ಇನ್ನು ದೊಡ್ಡ ಆಪರೇಷನ್ ಅಂದೆ. ಎಲ್ಲ ಸಿಸೇರಿಯನ್ನೂ ಹೊಟ್ಟೆಯ ಆಪರೇಷನ್ನೇ, ಸಣ್ಣದು ಅನ್ನುವ ಹಾಗಿಲ್ಲ. ಆದರೆ ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುವಂಥವು. ಮಾಸು, ಅಂದರೆ ಪ್ಲಾಸೆಂಟಾ, ಹಳೆಯ ಹೊಲಿಗೆಯ ಜಾಗದಲ್ಲಿ ಬೇರು ಬಿಟ್ಟು ಅಂಟಿಕೊಂಡುಬಿಡುತ್ತದೆ. ಡಾಕ್ಟರುಗಳು ಅಕ್ರೀಟಾ ಅನ್ನುತ್ತಾರೆ. ಹಿಂದೆ ಸಿಸೇರಿಯನ್ ಆದಷ್ಟೂ ಈ ಅಪಾಯ ಹೆಚ್ಚು. ಮಾಸು ಗರ್ಭಕೋಶದ ಕೆಳಭಾಗದಲ್ಲಿ ಕೂತಿದ್ದು, ಇದು ಮೊದಲ ಸಿಸೇರಿಯನ್ ಆದರೆ ಅಂಟುವ ಸಾಧ್ಯತೆ ನೂರಕ್ಕೆ 3, ಎರಡನೆಯದಾದರೆ 11, ಮೂರನೆಯದಾದರೆ 40. ಇದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಲೆಕ್ಕ. ನಮ್ಮ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ನೂರಕ್ಕೆ 23.6 ಇತ್ತು, ಐದನೇ ಸುತ್ತಿನಲ್ಲಿ 31.5 ಆಯಿತು. ಎರಡು ಲೆಕ್ಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ಮುಂದಿನ ವರ್ಷಗಳ ಐಸಿಯು ಕಾಣುತ್ತದೆ.

ಅಂಥ ಆಪರೇಷನ್ನಿನಲ್ಲಿ ಎರಡು, ಮೂರು, ಕೆಲವೊಮ್ಮೆ ಐದು ಲೀಟರ್ ರಕ್ತ ಹೋಗುತ್ತದೆ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ, ಹಾಗಾಗಿ ಸೋರಿಕೆ ಶುರುವಾದರೆ ಹೊತ್ತು ಸಿಗುವುದಿಲ್ಲ. ನಾವು ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್, ಡ್ರಿಪ್ ಎಲ್ಲ ಸುರಿಯುತ್ತೇವೆ. ಜೀವ ಉಳಿಯುತ್ತದೆ. ಆದರೆ ಇಷ್ಟೆಲ್ಲ ಹೋಗಿ ಇಷ್ಟೆಲ್ಲ ಬಂದಮೇಲೆ ಮೈ ತಣ್ಣಗಾಗಿರುತ್ತದೆ, ರಕ್ತದಲ್ಲಿ ಆಮ್ಲ ಜಾಸ್ತಿಯಾಗಿರುತ್ತದೆ, ಮುಖ, ಗಂಟಲು ಊದಿರುತ್ತವೆ. ರಕ್ತ ಹಾಕಿದ ಆರು ಗಂಟೆಯೊಳಗೆ ಶ್ವಾಸಕೋಶ ಅದಕ್ಕೆ ಪ್ರತಿಕ್ರಿಯಿಸಿ ಸೋರಲು ಶುರುಮಾಡುವುದೂ ಉಂಟು, ಅಪರೂಪ ನಿಜ. ಹಾಕಿದ್ದು ಹೆಚ್ಚಾಗಿ ಹೃದಯಕ್ಕೆ ತಡೆಯಲಾಗದೆ ಹೋಗುವುದು ಅದಕ್ಕಿಂತ ಸಾಮಾನ್ಯ.

ಇಂಥ ಹೊತ್ತಿನಲ್ಲಿ ನಾವು ಟ್ಯೂಬ್ ತೆಗೆಯದೆ ವೆಂಟಿಲೇಟರಿನಲ್ಲೇ ಐಸಿಯುಗೆ ಕಳಿಸುತ್ತೇವೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬೇಕೆಂದೇ ಹಾಗೆ ಮಾಡುತ್ತೇವೆ. ಅವಳ ಮೈ ಬೆಚ್ಚಗಾಗಲಿ, ರಕ್ತ ಹೆಪ್ಪುಗಟ್ಟುವುದು ಸರಿಹೋಗಲಿ, ಗಂಟಲ ಊತ ಇಳಿಯಲಿ, ಮತ್ತೆ ರಕ್ತ ಸೋರಿ ಥಿಯೇಟರಿಗೆ ಓಡಬೇಕಾದರೆ ದಾರಿ ಸಿದ್ಧವಿರಲಿ ಅಂತ. ಅಲ್ಲಿಯತನಕ ಉಸಿರಾಡುವ ಕೆಲಸವನ್ನು ಮೆಷಿನ್ ಮಾಡುತ್ತದೆ, ಅವಳು ನಿದ್ದೆಯಲ್ಲಿರುತ್ತಾಳೆ. ಎಷ್ಟೋ ಜನರಿಗೆ ಮರುದಿನ ಬೆಳಗ್ಗೆಯೇ ಟ್ಯೂಬ್ ತೆಗೆಯುತ್ತೇವೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ಮಾತ್ರ ‘ವೆಂಟಿಲೇಟರ್‌ಗೆ ಹಾಕಿದ್ದಾರೆ’ ಅಂದ ಕೂಡಲೇ ಕೈಕಾಲು ತಣ್ಣಗಾಗುತ್ತವೆ. ಕೋವಿಡ್ ಆ ಮಾತಿಗೆ ಎಂಥ ಭಯ ತುಂಬಿತು ಅಂತ ನಮಗೆಲ್ಲ ಗೊತ್ತು. ಆಗ ವೆಂಟಿಲೇಟರಿಗೆ ಹೋದವರ ಶ್ವಾಸಕೋಶವೇ ಕೆಟ್ಟಿತ್ತು. ಇಲ್ಲಿ ಬಹಳ ಸಲ ಶ್ವಾಸಕೋಶ ಚೆನ್ನಾಗಿರುತ್ತದೆ, ಮೈ ದಣಿದಿರುತ್ತದೆ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ‘ಉಳೀತಾಳಾ’ ಒಂದೇ ಆಗಬಾರದು. ‘ಯಾಕೆ ಹಾಕಿದ್ದೀರಿ, ಅವಳ ಶ್ವಾಸಕೋಶ ಹೇಗಿದೆ, ಏನು ಸರಿಹೋದರೆ ತೆಗೀತೀರಿ’ ಎಂದು ಕೇಳಿ. ಉತ್ತರ ಕೊಡಲೇಬೇಕಾದ ಪ್ರಶ್ನೆಗಳಿವು, ಕೇಳಲು ಹಿಂಜರಿಯಬೇಡಿ.

ವೆಂಟಿಲೇಟರಿಗೆ ಮುಂಚಿನ ಮೆಟ್ಟಿಲುಗಳೂ ಇವೆ. ಮೂಗಿಗೆ ಎರಡು ಕಡ್ಡಿಯ ಟ್ಯೂಬ್, ನಿಮಿಷಕ್ಕೆ ಒಂದರಿಂದ ಆರು ಲೀಟರ್ ಆಕ್ಸಿಜನ್. ಸಾಲದಿದ್ದರೆ ಮುಖದ ಮಾಸ್ಕ್. ಅದಕ್ಕೂ ಮೇಲೆ ಚೀಲ ನೇತಾಡುವ ಮಾಸ್ಕ್, ಅದಕ್ಕೆ 10ರಿಂದ 15 ಲೀಟರ್ ಬೇಕು, ಚೀಲ ಉಬ್ಬಿಯೇ ಇರಬೇಕು. ಚಪ್ಪಟೆಯಾಗಿದ್ದರೆ ಸಿಸ್ಟರನ್ನು ಕರೆಯಿರಿ. ಆಮೇಲೆ ಬೆಚ್ಚಗೆ, ತೇವ ಮಾಡಿದ ಗಾಳಿಯನ್ನು ನಿಮಿಷಕ್ಕೆ 60 ಲೀಟರ್ ತನಕ ಮೂಗಿಗೆ ಕೊಡುವ ಹೈ ಫ್ಲೋ. ಆಮೇಲೆ ಮುಖಕ್ಕೆ ಬಿಗಿಯಾಗಿ ಕಟ್ಟಿ ಒತ್ತಡದಲ್ಲಿ ಗಾಳಿ ಕೊಡುವ ಬೈಪ್ಯಾಪ್. ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಬೈಪ್ಯಾಪ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಜೊತೆಗೆ ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟರೆ ಕೆಲವು ಗಂಟೆಯಲ್ಲೇ ಬಣ್ಣ ಬದಲಾಗುತ್ತದೆ. ಆದರೆ ಮಂಪರಿನಲ್ಲಿರುವವಳಿಗೆ, ವಾಂತಿ ಮಾಡುತ್ತಿರುವವಳಿಗೆ ಅದನ್ನು ಕಟ್ಟುವ ಹಾಗಿಲ್ಲ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಯಾವಾಗ ಹತ್ತಬೇಕು ಅನ್ನುವುದರಲ್ಲೇ ನಮ್ಮ ಕಸುಬಿನ ಅರ್ಧ ಇದೆ. ತಡ ಮಾಡಿದರೆ ಸೋತ ಮೈಗೆ ಟ್ಯೂಬ್ ಹಾಕಬೇಕಾಗುತ್ತದೆ, ಅದು ಹೆಚ್ಚು ಅಪಾಯ.

ವಾಂತಿ ಅಂದೆ. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಎಂಬ ಹೆರಿಗೆ ವೈದ್ಯರು, ಅರಿವಳಿಕೆ ಕೊಟ್ಟಾಗ ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಹೋದ ಹೆಣ್ಣುಮಕ್ಕಳ ಬಗ್ಗೆ ಬರೆದರು. ಆಪರೇಷನ್ನಿಗೆ ಮುಂಚೆ ಗಟ್ಟಿ ಆಹಾರ ಆರು ಗಂಟೆ ಬೇಡ, ನೀರು ಎರಡು ಗಂಟೆ ಬೇಡ ಅನ್ನುವುದು ಅದಕ್ಕೇ. ‘ಪಾಪ, ಬೆಳಗ್ಗೆಯಿಂದ ಖಾಲಿ ಹೊಟ್ಟೆ’ ಎಂದು ಸೆರಗಿನ ಮರೆಯಲ್ಲಿ ಎರಡು ಇಡ್ಲಿ ತಿನ್ನಿಸುವ ಅಮ್ಮಂದಿರು ಇದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ತಿನ್ನಿಸಿದ್ದರೆ ದಯವಿಟ್ಟು ನಮಗೆ ಹೇಳಿಬಿಡಿ, ಬೈಯುವುದಿಲ್ಲ, ಅದಕ್ಕೆ ತಕ್ಕ ಹಾಗೆ ಅರಿವಳಿಕೆ ಬದಲಿಸುತ್ತೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉಸಿರನ್ನು ಎಣಿಸುವುದು.

ಬಾಣಂತಿ ಸುಮ್ನೆ ಮಲಗಿದ್ದಾಗ ನೋಡಿ. ಎಣಿಸುತ್ತೇನೆ ಎಂದು ಹೇಳಬೇಡಿ, ಹೇಳಿದರೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಳ್ಳಿ, ಕಣ್ಣು ಹೊದಿಕೆಯ ಮೇಲಿರಲಿ. ಹೊದಿಕೆ ಏರಿ ಇಳಿದರೆ ಒಂದು. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಳ್ಳಿ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. 12ರಿಂದ 20 ಬಂದರೆ ನೆಮ್ಮದಿ. 20 ದಾಟಿದರೆ ನೋವಿದೆಯಾ, ಜ್ವರ ಇದೆಯಾ, ಈಗಷ್ಟೇ ಬಾತ್‌ರೂಮಿಗೆ ಹೋಗಿಬಂದಳಾ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ, ಸಿಸ್ಟರಿಗೆ ಸಂಖ್ಯೆ ಹೇಳಿ. 25 ದಾಟಿದರೆ ಡಾಕ್ಟರನ್ನು ಕರೆಸಿ ಅಂತ ಹಠ ಹಿಡಿಯಿರಿ. 30 ಅಂದರೆ ಓಡಬೇಕು. ‘ಯಾಕೋ ಒಂಥರಾ ಇದ್ದಾಳೆ ಸಿಸ್ಟರ್’ ಅನ್ನುವುದಕ್ಕೂ ‘ಒಂದು ನಿಮಿಷ ಎಣಿಸಿದೆ ಸಿಸ್ಟರ್, 28 ಇದೆ’ ಅನ್ನುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯ ಮಾತಿಗೆ ಯಾರೂ ‘ಆಮೇಲೆ ನೋಡೋಣ’ ಅನ್ನಲಾರರು.

ಪಲ್ಸ್ ಆಕ್ಸಿಮೀಟರ್ ಇದೆಯಲ್ಲ, ಅದು 98 ತೋರಿಸುತ್ತಿದೆಯಲ್ಲ ಎಂದು ಕೇಳುತ್ತಾರೆ. ಕೋವಿಡ್ ಆದಮೇಲೆ ಮನೆಮನೆಯಲ್ಲೂ ಅದಿದೆ, ಒಳ್ಳೆಯದೇ. ಜಪಾನಿನ ತಕುವೊ ಅಯೋಯಾಗಿ 1970ರ ದಶಕದಲ್ಲಿ ಅದರ ತತ್ವ ಕಂಡುಹಿಡಿದರು, ಅನಸ್ತೇಸಿಯಾ ಕೊಡುವ ನಾವೆಲ್ಲ ಅವರಿಗೆ ಋಣಿಗಳು. ಆದರೆ ಆ ಸಂಖ್ಯೆ ತಡವಾಗಿ ಇಳಿಯುತ್ತದೆ. ಮೈ ಮೊದಲು ಉಸಿರನ್ನು ಜೋರು ಮಾಡಿ ಆಕ್ಸಿಜನ್ ಉಳಿಸಿಕೊಳ್ಳುತ್ತದೆ, ಗಂಟೆಗಟ್ಟಲೆ ಹಾಗೆ ಹೋರಾಡುತ್ತದೆ, ಸಾಕಾಗಿ ಕೈಚೆಲ್ಲಿದಾಗ ಸಂಖ್ಯೆ ಬೀಳುತ್ತದೆ. ಆಕ್ಸಿಜನ್ ಹಾಕಿದ್ದರಂತೂ ಇನ್ನೂ ತಡ. ಇನ್ನೊಂದು ಮಾತು, ಸೀಮಂತಕ್ಕೆ ಹಾಕಿಸಿಕೊಂಡ ಮೆಹಂದಿ ಗಾಢವಾಗಿ ಉಳಿದಿದ್ದರೆ, ಉಗುರಿಗೆ ಕಪ್ಪು ಅಥವಾ ನೀಲಿ ಬಣ್ಣವಿದ್ದರೆ, ಕೈ ತಣ್ಣಗಿದ್ದರೆ ಆ ಯಂತ್ರ ತಪ್ಪು ತೋರಿಸಬಹುದು. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ ಅನ್ನುವುದೂ ಗೊತ್ತಾಗಿದೆ, ನಮ್ಮವರಿಗೆ ಇದು ಅನ್ವಯಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಇಲ್ಲಿ 92 ಬರುತ್ತೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೇನೆ. ಇಷ್ಟು ಎತ್ತರಕ್ಕೆ ಅಷ್ಟು ಇಳಿಯುವುದಿಲ್ಲ. ಆರೋಗ್ಯವಂತೆಗೆ ಇಲ್ಲೂ 95ರ ಮೇಲೇ ಇರಬೇಕು.

ಉಸಿರು ಕಡಿಮೆಯಾಗುವುದೂ ಅಪಾಯವೇ. ಬಿಪಿ ಏರಿ ಫಿಟ್ಸ್ ಬಂದವರಿಗೆ, ಬರಬಹುದು ಅನ್ನುವವರಿಗೆ ಮೆಗ್ನೀಸಿಯಂ ಇಂಜೆಕ್ಷನ್ ಕೊಡುತ್ತಾರೆ. ಜೀವ ಉಳಿಸುವ ಔಷಧ, ಬೇಡ ಅನ್ನಬೇಡಿ. ಆದರೆ ಮೈಯಲ್ಲಿ ಅದು ಜಾಸ್ತಿಯಾದರೆ ಸ್ನಾಯು ಸಡಿಲವಾಗಿ ಉಸಿರು ನಿಧಾನವಾಗುತ್ತದೆ. ಸಿಸ್ಟರ್ ಬಂದು ಸುತ್ತಿಗೆಯಿಂದ ಮಂಡಿಗೆ ತಟ್ಟುತ್ತಾರಲ್ಲ, ಕಾಲು ಎಗರುವುದು ನಿಂತಿತೆಂದರೆ ಉಸಿರಿಗಿಂತ ಮುಂಚೆ ಬರುವ ಎಚ್ಚರಿಕೆ ಅದು. ಜೊತೆಗೆ ಮೂತ್ರ ಅಳೆಯುತ್ತಾರೆ, ಉಸಿರು ಎಣಿಸುತ್ತಾರೆ. ಹಾಸಿಗೆ ಪಕ್ಕದ ಟ್ರೇಯಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಇಂಜೆಕ್ಷನ್ ಸಿದ್ಧವಿರಬೇಕು, ಅದೇ ಅದಕ್ಕೆ ಪ್ರತಿಮದ್ದು. ಒಳ್ಳೆಯ ವಾರ್ಡಿನಲ್ಲಿ ಕೇಳದೆಯೇ ಅದು ಅಲ್ಲಿರುತ್ತದೆ. ನೋವಿಗೆ ಮಾರ್ಫಿನ್ ಥರದ ಔಷಧ ಕೊಟ್ಟಾಗಲೂ ಹೀಗೇ. ಗಾಢ ನಿದ್ದೆ, ಎಬ್ಬಿಸಿದರೆ ಏಳುತ್ತಿಲ್ಲ, ಗೊರಕೆ, ನಿಮಿಷಕ್ಕೆ ಎಂಟೋ ಒಂಬತ್ತೋ ಉಸಿರು. ‘ಪಾಪ ಸುಸ್ತಾಗಿದ್ದಾಳೆ, ಮಲಗಲಿ’ ಅಂತ ಬಿಡಬೇಡಿ. ತಟ್ಟಿ ಎಬ್ಬಿಸಿ, ಕೂಗಿ ಕರೆಯಿರಿ.

ಹಾಗಂತ ನೋವು ತಡೆದುಕೊಳ್ಳಬೇಕು ಅಂತ ಅರ್ಥವಲ್ಲ. ನೋವಿದ್ದರೆ ಬಾಣಂತಿ ಮೇಲುಮೇಲೆ ಉಸಿರಾಡುತ್ತಾಳೆ. ಕೆಮ್ಮುವುದಿಲ್ಲ, ಹೊಲಿಗೆ ಬಿಟ್ಟುಹೋಗುತ್ತದೆ ಅನ್ನುವ ಹೆದರಿಕೆ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗದೆ, ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಪದರ ಅಂಟಿಕೊಂಡ ಹಾಗೆ, ಅಲ್ಲಿನ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿ ಕಫ ನಿಂತು ಎರಡು ಮೂರು ದಿನಕ್ಕೆ ನ್ಯುಮೋನಿಯಾ ಆಗುತ್ತದೆ. ಇದನ್ನು ತಡೆಯಲು ದುಡ್ಡು ಬೇಡ. ನೋವಿನ ಮಾತ್ರೆ ಹೊತ್ತುಹೊತ್ತಿಗೆ ಕೊಡಿಸಿ, ಅವಳು ಕೇಳುವ ತನಕ ಕಾಯಬೇಡಿ. ಮಂಚದ ತಲೆಭಾಗ ಎತ್ತಿಸಿ. ಒಂದು ದಿಂಬನ್ನು ಹೊಲಿಗೆಯ ಮೇಲೆ ಎರಡೂ ಕೈಯಿಂದ ಒತ್ತಿಹಿಡಿದು ಕೆಮ್ಮಲು ಹೇಳಿ, ನೋವು ಕಡಿಮೆಯಾಗುತ್ತದೆ, ಹೊಲಿಗೆ ಬಿಡುವುದಿಲ್ಲ. ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆದು ಎರಡು ಮೂರು ಸೆಕೆಂಡ್ ಹಿಡಿದು ಬಿಡಲಿ. ಮೂರು ಚೆಂಡಿನ ಸ್ಪೈರೋಮೀಟರ್ ಕೊಡುತ್ತಾರಲ್ಲ, ಅದನ್ನು ಬಾಯಲ್ಲಿಟ್ಟು ಊದುವವರೇ ಹೆಚ್ಚು. ಊದಬಾರದು, ಎಳೀಬೇಕು. ಎಳನೀರು ಸ್ಟ್ರಾನಲ್ಲಿ ಎಳೆದಂತೆ ಎಂದು ತೋರಿಸಿಕೊಟ್ಟರೆ ಅಜ್ಜಿಯಂದಿರೂ ಮೊಮ್ಮಗಳಿಗೆ ಕಲಿಸಿಬಿಡುತ್ತಾರೆ. ಚೆಂಡು ಎಷ್ಟು ಎದ್ದವು ಅನ್ನುವುದಕ್ಕಿಂತ ಎಷ್ಟು ಹೊತ್ತು ಮೇಲೆ ನಿಂತವು ಅನ್ನುವುದು ಮುಖ್ಯ. ಅದೆಲ್ಲಕ್ಕಿಂತ ಒಳ್ಳೆಯದು ಎದ್ದು ನಡೆಯುವುದು.

ಇಲ್ಲಿ ನಮ್ಮ ಬಾಣಂತನದ ಪದ್ಧತಿಗಳ ಬಗ್ಗೆ ಹೇಳಲೇಬೇಕು. ಅಮ್ಮಂದಿರು, ಅತ್ತೆಯಂದಿರು ಬೇಸರ ಮಾಡಿಕೊಳ್ಳಬಾರದು. ಬಾಣಂತಿಗೆ ವಿಶ್ರಾಂತಿ, ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ, ಮೈ ಕೈ ಒತ್ತಲು ಒಂದು ಜೀವ, ಇಷ್ಟು ಆರೈಕೆ ಎಷ್ಟೋ ದೇಶಗಳ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಆದರೆ ಕಿಟಕಿ ಬಾಗಿಲು ಮುಚ್ಚಿ ಕೆಂಡದಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು ಆಪರೇಷನ್ ಆದ ಶ್ವಾಸಕೋಶಕ್ಕೂ ಕೆಟ್ಟದ್ದು, ಎಳೆಗೂಸಿಗೂ ಕೆಟ್ಟದ್ದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ. ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತಿದರೆ ವಪೆ ಇಳಿಯಲು ಜಾಗ ಇರುವುದಿಲ್ಲ. ಸಡಿಲವಾದ ಬೆಲ್ಟ್ ಕಟ್ಟಿಕೊಂಡು ನಡೆದರೆ ಹಿತವೆನಿಸುತ್ತದೆ, ಅದು ಸರಿ. ನೀರು ಕಡಿಮೆ ಕೊಡುವುದು, ಕಾಲು ಜೋಡಿಸಿ ದಿನಗಟ್ಟಲೆ ಮಲಗಿಸುವುದು, ಇವೆರಡೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಕುತ್ತು. ಹೆರಿಗೆಯಾದ ಮೊದಲ ವಾರಗಳಲ್ಲಿ ಈ ಅಪಾಯ ಬಸಿರಿನಲ್ಲಿದ್ದಾಗಿಗಿಂತಲೂ ಹೆಚ್ಚು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಒಂದು ಗಂಟೆಯೂ ಕಾಯುವ ಹಾಗಿಲ್ಲ. ದೊಡ್ಡ ಆಪರೇಷನ್ ಆದವರಿಗೆ ಹೆಪ್ಪುಗಟ್ಟದಂತೆ ಹೊಟ್ಟೆಗೆ ಸಣ್ಣ ಸೂಜಿ ಕೊಡುತ್ತಾರೆ, ಹತ್ತು ದಿನವೋ ಆರು ವಾರವೋ. ಮನೆಗೆ ಹೋದಮೇಲೆ ಅದನ್ನು ನಿಲ್ಲಿಸಬೇಡಿ.

ಇನ್ನೊಂದು ನಂಬಿಕೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟಮೇಲೆ ದಿಂಬಿಲ್ಲದೆ ಇಪ್ಪತ್ತನಾಲ್ಕು ಗಂಟೆ ಅಂಗಾತ ಮಲಗಬೇಕು, ಇಲ್ಲದಿದ್ದರೆ ತಲೆನೋವು ಬರುತ್ತದೆ. ಕೆಲವು ಆಸ್ಪತ್ರೆಗಳಲ್ಲೂ ಹೀಗೇ ಹೇಳುತ್ತಾರೆ. ಅಂಗಾತ ಮಲಗಿದರೆ ತಲೆನೋವು ತಪ್ಪುತ್ತದೆ ಅನ್ನುವುದು ಸಾಬೀತಾಗಿಲ್ಲ. ಶ್ವಾಸಕೋಶಕ್ಕೆ ಮಾತ್ರ ಅದು ಖಂಡಿತ ಒಳ್ಳೆಯದಲ್ಲ. ತಲೆಭಾಗ ಎತ್ತಿ.

ನನ್ನನ್ನು ಜಾಸ್ತಿ ಕಾಡುವುದು ಸಾಗಿಸುವ ಹೊತ್ತು. ಊರಾಚೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಗಿ, ರಕ್ತ ಹೋಗಿ, ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ’ ಅನ್ನುತ್ತಾರೆ. ಚಾಮರಾಜಪೇಟೆಯ ವಾಣಿವಿಲಾಸಕ್ಕೆ ಹೀಗೆ ಸುತ್ತಲ ಜಿಲ್ಲೆಗಳಿಂದ ಬರುವವರು ಎಷ್ಟೋ ಜನ. 1935ರಲ್ಲಿ ಶುರುವಾದ ಆಸ್ಪತ್ರೆ ಅದು, ಇವತ್ತಿಗೂ ಬಡವರ ಪಾಲಿಗೆ ಕೊನೆಯ ಬಾಗಿಲು. ಆಂಬುಲೆನ್ಸಿನ ಸಣ್ಣ ಸಿಲಿಂಡರ್, ಬಿ ಟೈಪ್ ಅನ್ನುತ್ತಾರೆ, ತುಂಬಿದ್ದರೆ ಸುಮಾರು 1500 ಲೀಟರ್ ಆಕ್ಸಿಜನ್. ಚೀಲದ ಮಾಸ್ಕಿಗೆ ನಿಮಿಷಕ್ಕೆ 15 ಲೀಟರ್ ಅಂದರೆ 100 ನಿಮಿಷ. ಹೊಸಕೋಟೆಯಿಂದ ಸಂಜೆ ಆರಕ್ಕೆ ಹೊರಟು ಕೆ.ಆರ್. ಪುರದ ಸೇತುವೆ ದಾಟಿ ಮಾರ್ಕೆಟ್ ಪಕ್ಕದ ಈ ಆಸ್ಪತ್ರೆ ತಲುಪುವುದಕ್ಕೆ ಎಷ್ಟು ಹೊತ್ತು ಅಂತ ನಿಮಗೆ ಗೊತ್ತು. ಸಿಲಿಂಡರ್ ಅರ್ಧ ಇದ್ದರೆ? ಹೊರಡುವ ಮುಂಚೆ ಮೀಟರಿನ ಮುಳ್ಳು ಎಲ್ಲಿದೆ ನೋಡಿ, ಎರಡನೇ ಸಿಲಿಂಡರ್ ಇದೆಯಾ ಕೇಳಿ, ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್ ಮತ್ತು ಅದನ್ನು ಬಳಸಲು ಬರುವ ಸಿಬ್ಬಂದಿ ಜೊತೆಗಿದ್ದಾರಾ ಕೇಳಿ. 108ಕ್ಕೆ ಫೋನ್ ಮಾಡುವಾಗಲೇ ‘ಆಪರೇಷನ್ ಆದ ಬಾಣಂತಿ, ಆಕ್ಸಿಜನ್ ಬೇಕು’ ಎಂದು ಹೇಳಿ. ಕಳಿಸುವ ಡಾಕ್ಟರ್ ತಲುಪುವ ಆಸ್ಪತ್ರೆಗೆ ಫೋನ್ ಮಾಡಿದ್ದಾರಾ ಅನ್ನುವುದನ್ನೂ ಕೇಳಿ, ಒಂದು ಆಸ್ಪತ್ರೆಯ ಗೇಟಿನಿಂದ ಇನ್ನೊಂದರ ಗೇಟಿಗೆ ಅಲೆದು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇದಕ್ಕಿಂತ ಒಳ್ಳೆಯದು ಮೊದಲೇ ಯೋಚಿಸುವುದು. ತಾಯಿ ಕಾರ್ಡಿನಲ್ಲಿ ಹಿಂದಿನ ಸಿಸೇರಿಯನ್ ಎಷ್ಟು ಅಂತ ಬರೆದಿರುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದು, ಈಗ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಅಂದರೆ ಅಂಟಿಕೊಂಡಿದೆಯಾ ನೋಡಿ ಎಂದು ಬಾಯಿಬಿಟ್ಟು ಕೇಳಿ. ಅಂಟಿದೆ ಅಂತಾದರೆ ರಕ್ತನಿಧಿ, ಐಸಿಯು, ಮಕ್ಕಳ ಐಸಿಯು ಮೂರೂ ಇರುವ ಕಡೆ, ನೋವು ಶುರುವಾಗುವ ಮುಂಚೆ, ಸಾಮಾನ್ಯವಾಗಿ 34ರಿಂದ 36ನೇ ವಾರದೊಳಗೆ ಆಪರೇಷನ್ ದಿನ ಗೊತ್ತುಮಾಡುತ್ತಾರೆ. ಆಶಾ ಅಕ್ಕಂದಿರೇ, ಇದನ್ನು ಮೊದಲು ಗುರುತಿಸಬಲ್ಲವರು ನೀವು.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ಅಜ್ಜಿ ಕೇಳಿದರು: ‘ನನ್ನ ಸೊಸೆಗೆ ಮಲಗಿದ್ರೆ ಉಸಿರು ಕಟ್ಟೋದು, ಎದ್ದು ಕೂತ್ರೆ ಸರಿ ಹೋಗೋದು. ಗ್ಯಾಸು ಅಂತ ಓಂಕಾಳಿನ ನೀರು ಕೊಟ್ವಿ, ಅದೇ ಸಾಕಾ ಮೇಡಂ?’

ಸಾಕಾಗಲ್ಲ ಅಜ್ಜಿ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಕೆಮ್ಮು ಬಂದು ಎದ್ದು ಕೂರುವುದು, ಎರಡು ಮೂರು ದಿಂಬು ಬೇಕೆನ್ನಿಸುವುದು ಹೃದಯದ ಲಕ್ಷಣಗಳು. ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳ ತನಕ ಮೊದಲು ಚೆನ್ನಾಗಿದ್ದ ಹೃದಯವೂ ಇದ್ದಕ್ಕಿದ್ದಂತೆ ದುರ್ಬಲವಾಗುವ ಒಂದು ಕಾಯಿಲೆ ಇದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಗೊತ್ತಾಗುತ್ತದೆ. ಬೇಗ ಔಷಧ ಶುರುಮಾಡಿದರೆ ಬಹಳ ಜನರ ಹೃದಯ ಚೇತರಿಸಿಕೊಳ್ಳುತ್ತದೆ. ಇವತ್ತೇ ತೋರಿಸಿ.

ಐಸಿಯುನಲ್ಲಿ ಹೆಂಡತಿಯ ಕೈ ಕಟ್ಟಿದ್ದರು, ಅದು ಸರಿಯಾ ಎಂದು ಒಬ್ಬ ಯುವಕ ಕೇಳಿದರು. ಅವರ ದನಿಯಲ್ಲಿ ಇನ್ನೂ ನೋವಿತ್ತು. ಮಂಪರಿನಲ್ಲಿ ಟ್ಯೂಬ್ ಕಿತ್ತುಕೊಂಡರೆ ಊದಿದ ಗಂಟಲಿಗೆ ಮತ್ತೆ ಹಾಕುವುದು ಬಹಳ ಕಷ್ಟ, ಅದಕ್ಕೆ ಮೃದುವಾದ ಬಟ್ಟೆಯಿಂದ ಕಟ್ಟುತ್ತಾರೆ. ಆದರೆ ಅದನ್ನು ಮನೆಯವರಿಗೆ ಮುಂಚೆಯೇ ಹೇಳಬೇಕು, ಅವರು ಪಕ್ಕದಲ್ಲಿ ಕೂತಿರುವಾಗ ಬಿಚ್ಚಬಹುದು. ಹೇಳದೆ ಕಟ್ಟುವುದು ತಪ್ಪು. ಒಳಗೆ ಹೋದಾಗ ಅವಳ ಜೊತೆ ಮಾತಾಡಿ, ಕೇಳಿಸುತ್ತಿರಬಹುದು. ದಿನ, ಹೊತ್ತು, ಎಲ್ಲಿದ್ದಾಳೆ ಅಂತ ಹೇಳಿ. ಮಗು ಅಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ಫೋಟೋ ಮಂಚಕ್ಕೆ ಅಂಟಿಸಿ. ಐಸಿಯುನಿಂದ ಬಂದ ತಾಯಂದಿರಿಗೆ ತಿಂಗಳುಗಟ್ಟಲೆ ಕೆಟ್ಟ ಕನಸು, ಬೆಚ್ಚಿಬೀಳುವುದು, ಮಗುವಿನ ಮೊದಲ ದಿನಗಳು ನೆನಪಿಲ್ಲ ಅನ್ನುವ ದುಃಖ ಇರುತ್ತದೆ. ‘ಬದುಕಿ ಬಂದೆಯಲ್ಲ, ಇನ್ನೇನು’ ಅನ್ನಬೇಡಿ. ಆ ದಿನಗಳಲ್ಲಿ ಏನೇನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಅವಳಿಗೆ ಓದಲು ಕೊಡಿ, ಅದು ಬಹಳ ಜನಕ್ಕೆ ನೆರವಾಗಿದೆ. ಕಡಿಮೆಯಾಗದಿದ್ದರೆ ಮನೋವೈದ್ಯರಿಗೆ ತೋರಿಸಿ, ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ.

ಎದೆಹಾಲಿನ ಬಗ್ಗೆ ಇಬ್ಬರು ಕೇಳಿದರು. ತಾಯಿ ವೆಂಟಿಲೇಟರಿನಲ್ಲಿದ್ದರೂ ಎರಡು ಮೂರು ಗಂಟೆಗೊಮ್ಮೆ ಸಿಸ್ಟರ್ ಪಂಪಿನಿಂದ ಹಾಲು ತೆಗೆಯಬಹುದು, ತೆಗೆಯದೆ ಬಿಟ್ಟರೆ ಎದೆ ಕಟ್ಟಿಕೊಳ್ಳುತ್ತದೆ, ಹಾಲೂ ಬತ್ತುತ್ತದೆ. ಆ ಹಾಲನ್ನು ಮಗುವಿಗೆ ಕೊಡಬಹುದಾ ಅನ್ನುವುದು ಯಾವ ಔಷಧ ನಡೆಯುತ್ತಿದೆ ಅನ್ನುವುದರ ಮೇಲಿದೆ. ಬಹಳಷ್ಟು ಔಷಧಗಳಿಗೆ ತೊಂದರೆಯಿಲ್ಲ, ಮಕ್ಕಳ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಬೇಕಾದರೆ ಬೆಂಗಳೂರಿನಲ್ಲಿ ಎದೆಹಾಲಿನ ಬ್ಯಾಂಕುಗಳಿವೆ. ತಡವಾಗಿ ಶುರುವಾದರೂ ಹಾಲು ಬರುತ್ತದೆ.

ಖರ್ಚಿನ ಬಗ್ಗೆ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ರೇಷನ್ ಕಾರ್ಡ್, ಆಧಾರ್ ಹೆರಿಗೆ ಬ್ಯಾಗಿನಲ್ಲೇ ಇರಲಿ.

ಕೊನೆಯಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಎಂಟು ತಿಂಗಳ ಮಗು, ತನ್ನ ಹೆರಿಗೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಮೂರು ದಿನ ಐಸಿಯುನಲ್ಲಿದ್ದೆ, ಇನ್ನೊಂದು ಮಗು ಮಾಡಿಕೊಳ್ಳಬಹುದಾ ಎಂದು ಕೇಳಿದರು. ಯಾಕೆ ತುಂಬಿತು ಅನ್ನುವುದು ಮೊದಲು ಗೊತ್ತಾಗಬೇಕು ಎಂದೆ. ಬಿಪಿಯಿಂದ ಆಗಿದ್ದರೆ ಮುಂದಿನ ಬಸಿರಿನಲ್ಲಿ ಶುರುವಿನಿಂದಲೇ ನಿಗಾ ಮತ್ತು ಔಷಧದೊಂದಿಗೆ ಸಾಧ್ಯ. ಕವಾಟದಿಂದ ಆಗಿದ್ದರೆ ಮೊದಲು ಕವಾಟ ಸರಿಮಾಡಿಸಬೇಕು. ಹೃದಯವೇ ದುರ್ಬಲವಾಗಿದ್ದು ಎಕೋದಲ್ಲಿ ಇನ್ನೂ ಚೇತರಿಸಿಲ್ಲ ಅಂದರೆ ಬೇಡ ಎಂದೇ ಹೇಳುತ್ತೇವೆ. ಅವರ ಡಿಸ್ಚಾರ್ಜ್ ಕಾಗದದಲ್ಲಿ ‘ಉಸಿರಾಟದ ತೊಂದರೆ, ಚಿಕಿತ್ಸೆ ನೀಡಲಾಗಿದೆ’ ಎಂದಷ್ಟೇ ಇತ್ತಂತೆ. ಆ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ಐಸಿಯು ಚಾರ್ಟ್, ಎಕೋ, ಎಕ್ಸ್‌ರೇ ಪ್ರತಿ ತೆಗೆದುಕೊಳ್ಳಿ, ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ ಎಂದು ಹೇಳಿದೆ. ಅದನ್ನು ಹಿಡಿದು ಹೃದಯದ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದರು. ಅಲ್ಲಿಯತನಕ ಬಸಿರಾಗದಂತೆ ಏನು ಬಳಸಬೇಕು ಅನ್ನುವುದನ್ನು ಅಲ್ಲೇ ಕೂತಿದ್ದ ಆಶಾ ಕಾರ್ಯಕರ್ತೆ ಅವರಿಗೆ ವಿವರಿಸಿದರು.